ಧ್ವನಿ ತೆಗೆದ ವಿಡಿಯೊ

ವಿಡಿಯೊ ಬೇಗ ತೆರೆಯಬೇಕು ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂದವರ ತಪ್ಪೇನೂ ಇರುವುದಿಲ್ಲ. ಆ ಕೆಲಸದಲ್ಲಿ ಗೋಕಾಕ ತಾಲ್ಲೂಕಿಗೆಲ್ಲ ನಾನೊಬ್ಬನೇ ಜಾಣ ಎಂದು ಎದೆಯುಬ್ಬಿಸಿಕೊಂಡು ತಿರುಗಿದ ಕಾಲವೊಂದಿತ್ತು. ಆ ಜಾಣತನವನ್ನು ನನ್ನ ಜೀವದ ಗೆಳೆಯ ಎಷ್ಟು ಚೆನ್ನಾಗಿ ಬಳಸಿಕೊಂಡ ಎಂಬುದು ನೆನಪಾಗಿ, ಎದುರಿಗಿದ್ದವರ ಮೇಲೆ ಸುಮ್ಮಸುಮ್ಮನೆ ಸಿಡುಕುತ್ತೇನೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೊ ಇತ್ತು. ಮದುವೆ, ಸೀಮಂತ, ಮನೆ ವಾಸ್ತುಶಾಂತಿ, ಕರೆದಲ್ಲಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದೆ. ಮದುಮಗಳ ಮುಖದ ಸುತ್ತ ಗುಲಾಬಿ ಹೂವಿನ ಚೌಕಟ್ಟು ಹಾಕುವುದು, ಬೀಗರು ಊಟಕ್ಕೆ ಕೂತಾಗ ಹಿಂದಿನಿಂದ ಹಾಡು ಬಿಡುವುದು ನನ್ನ ಕಲೆ. ಆಷಾಢ ಬಂತೆಂದರೆ ಮದುವೆಯೂ ಇಲ್ಲ, ಬೀಗರೂ ಇಲ್ಲ. ನೊಣ ಹೊಡೆಯುತ್ತ ಕೂರಬೇಕು. ಹಾಗೆ ಕೂತ ದಿನಗಳಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತೆ. ಸ್ವಲ್ಪ ಬೆಳಗಾವಿಯ ಕ್ಲಾಸಿನಲ್ಲಿ, ಉಳಿದದ್ದು ತಲೆ ಚಚ್ಚಿಕೊಂಡು.

ಗೆಳೆಯ ಮೂಡಲಗಿಯವನು. ಅವರದು ಎಮ್ಮೆ ವ್ಯಾಪಾರ. ಹೈಸ್ಕೂಲಿನಲ್ಲಿ ಗೋಕಾಕಕ್ಕೆ ಬಂದು ನನ್ನ ಬೆಂಚಿನಲ್ಲೇ ಕೂತವನು, ಮುಂದೆ ನಮ್ಮ ಮನೆಯ ಪಡಸಾಲೆಯಲ್ಲೇ ಅರ್ಧ ಬೆಳೆದ. ಅವನಿಗೆ ಅಕ್ಕ ತಂಗಿಯರಿರಲಿಲ್ಲ. ಅದಕ್ಕೇ ನನ್ನ ಅಕ್ಕ ಪಂಚಮಿಗೆ ಉಂಡಿ ಕಟ್ಟುವಾಗ ಎರಡು ಡಬ್ಬಿ ತುಂಬುತ್ತಿದ್ದಳು, ನನಗೊಂದು, ಅವನಿಗೊಂದು. ಲಗ್ನವಾಗಿ ಹುಕ್ಕೇರಿಗೆ ಹೋದ ಮೇಲೂ ಈ ಲೆಕ್ಕ ತಪ್ಪಲಿಲ್ಲ. ಅವನ ಡಬ್ಬಿಯಲ್ಲಿ ಶೇಂಗಾ ಉಂಡಿ ಜಾಸ್ತಿ ಇರುತ್ತವೆ ಎಂದು ನಾನು ಜಗಳ ತೆಗೆಯುತ್ತಿದ್ದೆ.

ಅವರ ವ್ಯಾಪಾರಕ್ಕೊಂದು ರೀತಿ ಇತ್ತು. ಸಾಂಗ್ಲಿ, ಕೊಲ್ಹಾಪುರ, ಗೋವಾ ಕಡೆಯ ಗಿರಾಕಿ ಜೀಪು ಮಾಡಿಕೊಂಡು ಬಂದರೆ ನೇರ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದ. ಸಂಜೆಯ ಹಾಲು ತನ್ನ ಕಣ್ಣೆದುರಿಗೆ ಹಿಂಡಿಸಬೇಕು. ರಾತ್ರಿ ಅಲ್ಲೇ ಮಲಗಿ ಮುಂಜಾನೆಯದನ್ನೂ ಹಿಂಡಿಸಬೇಕು. ಹಿಂದಿನ ಹೊತ್ತು ಹಿಂಡದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸಿದ್ದರೆ ಎರಡನೆಯ ಸಲಕ್ಕೆ ಬಣ್ಣ ಬಯಲಾಗುತ್ತದೆ. ಹೀಗೆ ಎರಡೂ ಹೊತ್ತು ಕೂತು ನೋಡಿ ಒಯ್ದ ಎಮ್ಮೆಯಲ್ಲಿ ಆಮೇಲೆ ಏನಾದರೂ ದೋಷ, ಅವರ ಮಾತಿನಲ್ಲಿ ಖೋಡಿ, ಕಂಡರೆ ವ್ಯಾಪಾರಿ ಮಾತಾಡದೆ ವಾಪಸ್ ಕಟ್ಟಿಕೊಳ್ಳಬೇಕು. ಕೂತು ನೋಡದವನಿಗೆ ಈ ಮಾತು ಅನ್ವಯಿಸುವುದಿಲ್ಲ. ಇಷ್ಟಾದ ಮೇಲೆ ದರದ ಮಾತು, ಅದೂ ಬಾಯಿಂದಲ್ಲ. ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು. ಬಾಜೂಕ್ಕೆ ನಿಂತವನಿಗೂ ಗೊತ್ತಾಗಬಾರದು.

ನನಗೆ ಈ ಟವೆಲ್ ಕಂಡರೆ ನಗು. ಕಾಲ ಎಲ್ಲಿಗೆ ಹೋಗಿದೆ, ಇವರಿನ್ನೂ ಬೆರಳು ಹಿಡಿದುಕೊಂಡು ಕೂತಿದ್ದಾರೆ ಎಂದು ಗೆಳೆಯನನ್ನು ರೇಗಿಸುತ್ತಿದ್ದೆ. ನಿಮ್ಮ ಎಮ್ಮೆಗಳಿಗೊಂದು ವೆಬ್‌ಸೈಟ್ ಮಾಡುತ್ತೇನೆ, ಹಿಂಡುವುದನ್ನೇ ವಿಡಿಯೊ ಮಾಡಿ ಹಾಕೋಣ, ಕೊಲ್ಹಾಪುರದವ ಕೊಲ್ಹಾಪುರದಲ್ಲೇ ಕೂತು ನೋಡಲಿ ಎಂದೆ. ಅವನು ಕಣ್ಣರಳಿಸಿದ. "ಫೋಟೊದಾಗ ಹಾಲ ಕಾಣೂದಿಲ್ಲ ದೋಸ್ತ, ವಿಡಿಯೊದಾಗ ಕಾಣತೈತಿ," ಎಂದು ಅವರಪ್ಪನಿಗೆ ತಿಳಿಸಿ ಹೇಳಿದವನೂ ಅವನೇ. ಮುಚ್ಚಿದ ವ್ಯಾಪಾರದ ಮೇಲಿನ ಟವೆಲ್ಲನ್ನು ನಾನು ಎತ್ತಿ ಒಗೆಯುತ್ತಿದ್ದೇನೆ ಎಂದೇ ನನ್ನ ತಲೆಯಲ್ಲಿತ್ತು.

ಮೊದಮೊದಲು ಹಾಕಿದ ವಿಡಿಯೊಗಳು ತೆರೆದರೆ ತಾನೆ! ಆಗಿನ ಇಂಟರ್ನೆಟ್ಟೆಂದರೆ ಟೆಲಿಫೋನ್ ತಂತಿಯಲ್ಲಿ ತೊಟ್ಟಿಕ್ಕುವ ನೀರು. ಪುಟ ಬಿಳಿಚಿಕೊಂಡು ನಿಲ್ಲುತ್ತಿತ್ತು, ನಡುವೆ ಒಂದು ಗಾಲಿ ತಿರುಗುತ್ತಿತ್ತು. ಕೊಲ್ಹಾಪುರದ ಗಿರಾಕಿಯೊಬ್ಬ ಸೈಬರ್ ಕೆಫೆಯಿಂದಲೇ ಫೋನ್ ಮಾಡಿ "ತುಮಚೀ ಮ್ಹೈಸ ಅಜೂನ ಆಲೀ ನಾಹೀ" ಎಂದ. ನಿಮ್ಮ ಎಮ್ಮೆ ಇನ್ನೂ ಬಂದಿಲ್ಲವಲ್ಲ ಎಂದು ನಮ್ಮನ್ನೇ ಕೇಳುತ್ತಾನೆ! ಗೆಳೆಯ ಬಿದ್ದು ಬಿದ್ದು ನಕ್ಕ. ನನಗೆ ಮಾತ್ರ ಅವಮಾನವಾಯಿತು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಚಿತ್ರದ ಅಳತೆ ಚಿಕ್ಕದು ಮಾಡಿದೆ. ವಿಡಿಯೊ ಶುರುವಾಗುವ ಮೊದಲು ಎಮ್ಮೆಯದೊಂದು ಫೋಟೊ ಕಾಣುವ ಹಾಗೆ ಮಾಡಿದೆ, ಗಿರಾಕಿ ಅದನ್ನು ನೋಡುತ್ತಿರುವಾಗ ಹಿಂದಿನಿಂದ ವಿಡಿಯೊ ಇಳಿಯುತ್ತಿರಲಿ ಎಂದು. ಪೂರ್ತಿ ಇಳಿಯುವ ತನಕ ಕಾಯದೆ, ಬಂದಷ್ಟು ಓಡುತ್ತಿರುವ ವಿದ್ಯೆ ಕಲಿತೆ. ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ನನ್ನ ಕೈಯೇ. ಮದುವೆ ಮನೆಯ ಚಾಳಿಯಂತೆ ಕ್ಯಾಮೆರಾ ಹೆಗಲ ಮೇಲಿಟ್ಟು ಎಮ್ಮೆಯ ಸುತ್ತ ತಿರುಗುತ್ತಿದ್ದೆ. ಹಾಗೆ ತಿರುಗಿದರೆ ಗೋಡೆ, ಗೋದಲಿ, ಮೇವು ಎಲ್ಲ ಕ್ಷಣಕ್ಷಣಕ್ಕೂ ಬದಲಾಗಿ ವಿಡಿಯೊ ಕಲ್ಲಿನಷ್ಟು ಭಾರವಾಗುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಒಂದೇ ಕಡೆ ನಿಂತರೆ ಹಿಂದಿನ ಗೋಡೆ ಅಲುಗುವುದಿಲ್ಲ. ಅಲುಗದ್ದನ್ನು ಕಂಪ್ಯೂಟರ್ ಮತ್ತೆ ಮತ್ತೆ ಹೊರುವುದಿಲ್ಲ. ಇದನ್ನು ಕಂಡುಕೊಂಡ ದಿನ ಗೆಳೆಯನನ್ನು ಕರೆದು ಕರದಂಟು ತಿನ್ನಿಸಿ, ಬ್ಯಾಡಾದ್ದು ತಗದ ಹಾಕಿದರ ಎಮ್ಮಿ ಓಡಿ ಬರತೈತಿ ನೋಡು ಎಂದು ಭಾಷಣವನ್ನೇ ಮಾಡಿದೆ. ಅವನು ಬಾಯಿ ಚಪ್ಪರಿಸುತ್ತ ಎಲ್ಲ ಕೇಳಿಸಿಕೊಂಡ.

ಮುಂಗಾರು ಶುರುವಾಗಿತ್ತು. ಅರಭಾವಿ ಕಾಲೇಜಿನ ಹುಡುಗರ ನಡುವೆ ಬಸ್ಸಿನಲ್ಲಿ ಸ್ಟ್ಯಾಂಡು ತಬ್ಬಿಕೊಂಡು ಒಂದು ಮುಂಜಾನೆ ಮೂಡಲಗಿಗೆ ಹೋದೆ. ಹೊಸ ಎಮ್ಮೆ ಬಂದಿತ್ತು. ಕೊಂಬು ಸುರುಳಿ, ಮೈ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಸಾಮಾನ್ಯವಾಗಿ ಕ್ಯಾಮೆರಾ ಎಲ್ಲಿಡಬೇಕು ಎಂದು ನಾನೇ ನಿರ್ಧರಿಸುತ್ತಿದ್ದೆ. ಅಂದು ಗೆಳೆಯ ತಾನೇ ಸ್ಟ್ಯಾಂಡು ಎತ್ತಿ ಒಂದು ಬದಿಗೆ ಇಟ್ಟ.

"ಇಲ್ಲೇ ಇರ್ಲಿ. ಇಲ್ಲಿ ಬೆಳಕ ಚೊಲೊ ಐತಿ."

ಬೆಳಕು ನಿಜವಾಗಿಯೂ ಚೆನ್ನಾಗಿತ್ತು. ಬಕೀಟಿಗೆ ಹಾಲು ಚುರ್ ಚುರ್ ಎಂದು ಬೀಳುವ ಸದ್ದು ಗಿರಾಕಿಗೆ ಕೇಳಲಿ ಎಂದು ಉದ್ದ ವೈರಿನ ಮೈಕನ್ನು ಬಕೀಟಿನ ಪಕ್ಕದ ಗೂಟಕ್ಕೆ ಕಟ್ಟಿ, ನಾನು ದೂರ ನಿಂತು ಕ್ಯಾಮೆರಾದ ಸಣ್ಣ ಪರದೆ ನೋಡುತ್ತಿದ್ದೆ. ಕರು ಬಿಟ್ಟರು, ಎಮ್ಮೆ ಹಾಲಿಳಿಸಿತು, ಆಳು ಕೂತು ಹಿಂಡಿದ. ಗೆಳೆಯ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಮ್ಮೆಯ ಮೈ ಸವರುತ್ತಿದ್ದ. ಬಕೀಟು ನೊರೆಯೆದ್ದು ತುಂಬಿತು. ನಾನು ಬಿಚ್ಚುವಾಗಲೇ ಅವನು ಗೂಟದಲ್ಲಿದ್ದ ಮೈಕನ್ನು ಕಂಡದ್ದು.

"ಇದೇನೋ?"

"ಮೈಕು. ಹಾಲಿನ ಸಪ್ಪಳಕ್ಕ."

ಅವನು ವೈರಿನ ಗುಂಟ ಕ್ಯಾಮೆರಾದ ತನಕ ಕಣ್ಣು ಹಾಯಿಸಿದ. ಅವಲಕ್ಕಿ ತಿನ್ನುವಾಗ ಕೇಳಿದ: "ದೋಸ್ತ, ಧ್ವನಿ ತಗದರ ವಿಡಿಯೊ ಇನ್ನೂ ಹಗುರ ಆಗೂದಿಲ್ಲೇನು? ಎಮ್ಮಿ ಏನ್ ಭಾಷಣ ಮಾಡತೈತೇನ, ಧ್ವನಿ ಯಾಕ ಬೇಕು?"

ನನಗೆ ಎಷ್ಟು ಖುಷಿಯಾಯಿತೆಂದರೆ! ಕಂಪ್ಯೂಟರ್ ಮುಟ್ಟದ ಮನುಷ್ಯನಿಗೆ ಇದು ಹೊಳೆಯಿತಲ್ಲ. ಹೌದು, ಇಷ್ಟು ಕುಗ್ಗಿಸಿದ ವಿಡಿಯೊದಲ್ಲಿ ಧ್ವನಿಯೇ ದೊಡ್ಡ ಪಾಲು ತಿನ್ನುತ್ತದೆ, ನನಗೇ ತೋಚಿರಲಿಲ್ಲ. ನನ್ನ ಶಿಷ್ಯ ತಯಾರಾದ ಎಂದು ಅವನ ಬೆನ್ನು ತಟ್ಟಿದೆ. ಸ್ಟುಡಿಯೊದ ಸ್ಪೀಕರ್ ರಿಪೇರಿಗೆ ಹೋಗಿತ್ತು. ಆದ್ದರಿಂದ ಟೇಪಿನ ಧ್ವನಿ ಕೇಳುವ ಪ್ರಸಂಗವೇ ಬರಲಿಲ್ಲ. ಧ್ವನಿಯ ಪಟ್ಟಿಯನ್ನು ಹಾಗೇ ಕಿತ್ತು ಹಾಕಿ, ಚಿತ್ರವನ್ನಷ್ಟೇ ವೆಬ್‌ಸೈಟಿಗೆ ಏರಿಸಿದೆ. ಅಷ್ಟು ಚುರುಕಾಗಿ ತೆರೆದ ವಿಡಿಯೊವನ್ನು ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ಅದೇ ವಾರ ಹುಕ್ಕೇರಿಯಿಂದ ಅಕ್ಕನ ಫೋನು ಬಂತು. ಅವಳಿಗೆ ಮೊದಲಿನಿಂದಲೂ ಎಮ್ಮೆ ಎಂದರೆ ಜೀವ. ನಮ್ಮ ಮನೆಯಲ್ಲಿ ಹಿಂಡುವವಳು ಅವಳು, ಕರು ಹಿಡಿದು ನಿಲ್ಲುವವನು ನಾನು. ತನ್ನ ಓಣಿಯ ಮನೆಗಳಿಗೆ ದಿನಾ ತಪ್ಪದೆ ವರ್ತನೆಯ ಹಾಲು ಹಾಕುತ್ತಿದ್ದಳು. ಹಳೆಯ ಎಮ್ಮೆ ಗೊಡ್ಡು ಬಿದ್ದು ವರ್ತನೆ ನಿಂತಿತ್ತು. ಇನ್ನು ಸ್ವಲ್ಪ ದಿನ ಹೋದರೆ ಆ ಮನೆಗಳು ಬೇರೆಯವರ ಹಾಲಿಗೆ ಹತ್ತಿಬಿಡುತ್ತಿದ್ದವು. ಮಾಮಾ, ಅಂದರೆ ಅವಳ ಗಂಡ, ಹಿಡಕಲ್ ಅಣೆಕಟ್ಟಿನಲ್ಲಿ ನೀರಾವರಿ ಇಲಾಖೆಯ ನೌಕರ. ಮಳೆಗಾಲದಲ್ಲಿ ಅವರಿಗೆ ರಜೆ ಎಂಬ ಮಾತೇ ಇಲ್ಲ. ಮೂಡಲಗಿಗೆ ಬಂದು ಎರಡು ಹೊತ್ತು ಕೂರುವುದು ಅವಳಿಗೆ ಆಗುವಂತಿರಲಿಲ್ಲ. ಗೆಳೆಯನ ಕೊಟ್ಟಿಗೆಗೆ ಬಂದ ಹೊಸ ಎಮ್ಮೆಯ ಸುದ್ದಿ ಹೇಳಿದೆ.

"ನೀ ನೋಡಿಯೇನೊ ಎಮ್ಮಿ?" ಎಂದು ಕೇಳಿದಳು.

"ನೋಡೂದೇನು, ನಾನ ವಿಡಿಯೊ ತಗದೇನಿ. ಅಲ್ಲೇ ಕೆಫೆದಾಗ ಕುಂತ ನೋಡು," ಎಂದೆ.

ಜೀವಮಾನದಲ್ಲಿ ಮೊದಲ ಸಲ ಸೈಬರ್ ಕೆಫೆಗೆ ಹೋದಳಂತೆ, ಸೆರಗು ಹೊದ್ದುಕೊಂಡು. ಹೊರಬಂದವಳೇ ಫೋನ್ ಮಾಡಿದಳು. "ಎಷ್ಟ ಲಗೂ ಬಂತೊ ಯಪ್ಪಾ! ಕುರ್ಚಿ ಮ್ಯಾಲ ಕೂಡೂದರಾಗ ಎಮ್ಮಿ ಬಂದ ನಿಂತಿತ್ತು! ಕೆಫೆದಾಂವ ಸೈತ ಯಾರ ಮಾಡ್ಯಾರಿದನ್ನ ಅಂತ ಕೇಳಿದಾ. ನನ್ನ ತಮ್ಮ ಅಂದ್ನಿ." ಆ ಮಾತು ಕೇಳಿ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಅಕ್ಕನಿಗೇ ಈ ಎಮ್ಮೆ ಬೇಕಂತೆ ಎಂದು ಗೆಳೆಯನಿಗೆ ಹೇಳಿದಾಗ ಅವನ ಮುಖ ಒಂದು ಗಳಿಗೆ ಒಂದು ಥರ ಆಗಿತ್ತು. ಕಂಡಿದ್ದೆ. ಅಕ್ಕನ ಮುಂದೆ ವ್ಯಾಪಾರ ಮಾಡಲು ಸಂಕೋಚ ಎಂದುಕೊಂಡೆ. "ಅಕ್ಕಾ ಯಾಕ ಬರಬೇಕು, ನೀನ ನೋಡಿ ಅಲ್ಲ," ಎಂದು ಅವನು ತಾನೇ ಟೆಂಪೊ ಮಾಡಿ ಎಮ್ಮೆಯನ್ನು ಹುಕ್ಕೇರಿಗೆ ಕಳಿಸಿಕೊಟ್ಟ. ಕರುವಿನ ಕೊರಳಿಗೆ ಹೊಸ ಗೆಜ್ಜೆ ಬೇರೆ.

ಮರುವಾರ ಅಕ್ಕ ಮತ್ತೆ ಫೋನ್ ಮಾಡಿ, "ಒಂದೀಟ ಬಂದ ಹೋಗು," ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹುಕ್ಕೇರಿಯ ಬಸ್ಸು ಹತ್ತಿ ಹೋದೆ. ಅವಳು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ತಂಬಿಗೆ ಕೈಗಿಟ್ಟು "ನೀನ ಹಿಂಡು" ಎಂದಳು. ಕೂತೆ. ಈಚೆಯ ಎರಡು ಮೊಲೆ ಸರಿ. ಆಚೆ ಬದಿಯ ಮುಂದಿನದೂ ಸರಿ. ಹಿಂದಿನದಕ್ಕೆ ಕೈ ಹಾಕಿದರೆ ಒಣಗಿದ ಹುಣಸೆಕಾಯಿ ಹಿಡಿದ ಹಾಗೆ ಗಟ್ಟಿ. ಒಂದು ಹನಿ ಇಲ್ಲ. ಎಮ್ಮೆ ನೋವಿಗೆ ಕಾಲು ಝಾಡಿಸಿತು. ಇದು ದಾರಿಯಲ್ಲಿ ಆದದ್ದಲ್ಲ, ಹಳೆಯ ಬಾವು ಬತ್ತಿ ಸತ್ತ ಮೊಲೆ ಎಂದು ನನ್ನಂಥ ಕರು ಹಿಡಿಯುವವನಿಗೂ ತಿಳಿಯಿತು. ಉಳಿದ ಮೂರರಲ್ಲಿ ಬರುವ ಹಾಲು ಅವಳ ಅರ್ಧ ಓಣಿಗೂ ಸಾಲುತ್ತಿರಲಿಲ್ಲ.

"ಹಿಂಡೂ ಮುಂದ ನೀ ಅಲ್ಲೇ ಇದ್ದೆಲ್ಲೊ?"

"ಇದ್ದೆ."

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಹಾ ಮಾಡಿಕೊಟ್ಟಳು, ಪೇಟೆಯಿಂದ ತಂದ ಪ್ಯಾಕೆಟ್ ಹಾಲಿನ ಚಹಾ.

ಬಸ್ಸಿನಲ್ಲಿ ಕೂತು ಯೋಚಿಸುತ್ತ ಬಂದೆ. ಬೆಳಕು ಚೆನ್ನಾಗಿದೆ ಎಂದು ಸ್ಟ್ಯಾಂಡು ಇಟ್ಟ ಜಾಗದಿಂದ ಆಚೆ ಬದಿಯ ಹಿಂದಿನ ಮೊಲೆ ಕಾಣುವ ಮಾತೇ ಇರಲಿಲ್ಲ. ಅಡ್ಡ ಈಚೆಯ ಕಾಲು ಇತ್ತು. ನಾನು ಮೊದಲಿನ ಹಾಗೆ ಸುತ್ತ ತಿರುಗಿದ್ದರೆ ಕಾಣುತ್ತಿತ್ತು. ಆದರೂ ಅವನಿಗೆ ಗೊತ್ತಿರಲಿಕ್ಕಿಲ್ಲ, ಅವನಿಗೂ ಯಾರೋ ಮೋಸ ಮಾಡಿ ಮಾರಿರಬೇಕು ಎಂದು ಅವನ ಪರವಾಗಿ ನನ್ನೊಳಗೇ ವಕೀಲಿ ಮಾಡುತ್ತಿದ್ದೆ. ಗೋಕಾಕದಲ್ಲಿ ಇಳಿದವನೇ ಪಕ್ಕದ ಕ್ಯಾಸೆಟ್ ಅಂಗಡಿಯಿಂದ ಸ್ಪೀಕರ್ ಇಸಿದುಕೊಂಡು ಬಂದು ಮೂಲ ಟೇಪು ಹಾಕಿದೆ.

ಚುರ್ ಚುರ್ ಸದ್ದು ಬಹಳ ಚೆನ್ನಾಗಿ ಬಂದಿತ್ತು. ಅದರ ನಡುವೆ ಗೆಳೆಯನ ಪಿಸುಮಾತು, ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟ: "ಆಚೀ ಕಡಿ ಹಿಂದಿನದಕ್ಕ ಸುಮ್ನ ಕೈ ಹಾಕಿದಾಂಗ ಮಾಡು. ನಿನ್ನಿ ಸಂಜೀದೂ ಹಂಗ ಐತಿ, ಬಕೀಟ ತುಂಬತೈತಿ." ಆಳು ಏನೋ ಗೊಣಗಿದ, ಆ ಕ್ಯಾಮೆರಾದವರು ನೋಡ್ತಾರಲ್ರಿ ಎಂದಿರಬೇಕು. ಅದಕ್ಕೆ ಗೆಳೆಯ ನಗುತ್ತ ಅಂದ: "ಅಂವಗೇನ ತಿಳೀತೈತಿ? ಅಂವ ಎಮ್ಮಿ ನೋಡೂದಿಲ್ಲ, ಬರೇ ಪೆಟ್ಟಿಗಿ ನೋಡತಾನ."

ನಾನು ಟೇಪು ನಿಲ್ಲಿಸಿದೆ. ಸತ್ತ ಮೊಲೆ ಮುಚ್ಚಿಟ್ಟದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು. ನಾನು ಕರದಂಟು ತಿನ್ನಿಸಿ ಹೇಳಿಕೊಟ್ಟ ಎರಡೂ ವಿದ್ಯೆ, ಅಲುಗದ ಕ್ಯಾಮೆರಾ ಮತ್ತು ಹಗುರ ಮಾಡುವುದು, ಎರಡನ್ನೂ ನನ್ನ ಮೇಲೇ ತಿರುಗಿಸಿದ್ದ.

ಮೂಡಲಗಿಗೆ ಹೋಗಿ ಅವನ ಕಟ್ಟೆಯ ಮೇಲೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಲಿಲ್ಲ.

"ಅಕ್ಕಗ ಹೋಗತೈತಿ ಅಂತ ವಿಡಿಯೊ ತಗೀಮುಂದ ನನಗೇನ ಕನಸ ಬಿದ್ದಿತ್ತೇನ?"

"ಗೊತ್ತಾದ ಮ್ಯಾಲಾದ್ರೂ ಬ್ಯಾಡ ಅನ್ನಬೇಕಿತ್ತಲ್ಲಲೇ!"

"ಬ್ಯಾಡ ಅಂದ್ರ ನೀ ಯಾಕ ಅಂತ ಕೇಳತಿದ್ದಿ. ಏನ್ ಹೇಳಲಿ ನಾ?"

"ಎಮ್ಮಿ ವಾಪಸ್ ತಗೊ."

ಅವರಪ್ಪ ಒಳಗಿನಿಂದಲೇ ಹೇಳಿದರು, ಸಮಾಧಾನದ ದನಿಯಲ್ಲಿ: "ತಮ್ಮಾ, ಎರಡ ಹೊತ್ತ ಕುಂತ ನೋಡಿದಾಂವರದಷ್ಟ ವಾಪಸ್ ಇರತೈತಿ. ನಿಮ್ಮ ಅಕ್ಕ ಬಂದ ಕುಂತಿಲ್ಲಲ್ಲ." ನಾನು ಗೆಳೆಯನ ಮುಖ ನೋಡಿದೆ. ಅಪ್ಪನ ಮಾತಿಗೆ ಅವನು ಒಂದು ಅಕ್ಷರ ಎದುರಾಡಿದ್ದರೂ ಸಾಕಿತ್ತು. ಅವನು ಅಂದದ್ದು ಇಷ್ಟು: "ನೀನ ಹೇಳಿದ್ದೆಲ್ಲೊ ದೋಸ್ತ, ಲಗೂ ಬರಬೇಕಂದ್ರ ಬ್ಯಾಡಾದ್ದು ತಗದ ಹಾಕಬೇಕಂತ."

ಸ್ಟುಡಿಯೊಕ್ಕೆ ಬಂದು ಸಿಟ್ಟಿನಲ್ಲಿ ಒಂದು ಕೆಲಸ ಮಾಡಿದೆ. ವೆಬ್‌ಸೈಟಿನಲ್ಲಿದ್ದ ಆ ಹಗುರ ವಿಡಿಯೊ ತೆಗೆದು, ಧ್ವನಿಯಿದ್ದ ಇಡೀ ಟೇಪನ್ನು ಒಂದಿಷ್ಟೂ ಕುಗ್ಗಿಸದೆ ಏರಿಸಿದೆ. ಕೇಳಲಿ ಎಲ್ಲರೂ ಎಂದು. ಏರಲಿಕ್ಕೇ ಇಡೀ ದಿನ ಹಿಡಿಯಿತು. ಇನ್ನು ತೆರೆಯುವುದೆಲ್ಲಿ? ಗಾಲಿ ತಿರುಗುತ್ತಲೇ ಇತ್ತು. ಬಂದ ಗಿರಾಕಿಗಳು ಬೇಸತ್ತು ಪುಟ ಮುಚ್ಚಿ ಬೇರೆ ಎಮ್ಮೆ ನೋಡಿದರು. ಅದನ್ನು ತೆಗೆಯಿಸು ಎಂದು ಗೆಳೆಯನಿಗೆ ಯಾರೋ ಹೇಳಿದಾಗ "ಇರ್ಲಿ ಬಿಡು, ಯಾರ ಕುಂತ ಕಾಯ್ತಾರ" ಎಂದನಂತೆ. ವ್ಯಾಪಾರಿಯ ಮಗ, ಜನರ ತಾಳ್ಮೆ ಎಷ್ಟೆಂದು ಬಲ್ಲವನು.

ಅಕ್ಕನಿಗೆ ನಾನು ಪೂರ್ತಿ ಹೇಳಿರಲಿಲ್ಲ. ಅವನು ಮೋಸ ಮಾಡಿದ ಎಂದು ಹೇಳಬಹುದಿತ್ತು. ಆ ಪೆಟ್ಟಿಗೆಯ ಮಾತು ಹೇಳಲು ನಾಲಗೆ ಏಳಲಿಲ್ಲ. ವಿಚಾರಿಸುತ್ತಿದ್ದೇನೆ ಎಂದು ಹಾರಿಕೆಯ ಉತ್ತರ ಕೊಡುತ್ತ ಬಂದೆ. ಅಷ್ಟರಲ್ಲಿ ಪಂಚಮಿ ಬಂತು. ಅಕ್ಕ ಎಂದಿನಂತೆ ಎರಡು ಡಬ್ಬಿ ಹಿಡಿದು ಬಂದಳು.

"ಅಂವಾ ಯಾಕೊ ಬರಲಿಲ್ಲ ಈ ಸರ್ತಿ?"

ಇನ್ನು ಮುಚ್ಚಿಡಲಾಗಲಿಲ್ಲ. ಸ್ಟುಡಿಯೊಕ್ಕೆ ಕರೆದೊಯ್ದು ಕೂರಿಸಿ ಟೇಪು ಹಾಕಿದೆ. ಪೂರ್ತಿ ಕೇಳಿದಳು. "ಇನ್ನೊಮ್ಮಿ ಹಾಕು," ಎಂದಳು. ಹಾಕಿದೆ. ನಗುವ ಜಾಗ ಬಂದಾಗ ಅವಳು ಪರದೆಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಅವನಿಗೆ ಶಾಪ ಹಾಕುತ್ತಾಳೆ, ಅಳುತ್ತಾಳೆ, ನನ್ನ ತಮ್ಮನಿಗೆ ಹೀಗೆ ಮಾಡಿದನಲ್ಲ ಎನ್ನುತ್ತಾಳೆ ಎಂದು ಕಾದೆ. ನಿಜ ಹೇಳಬೇಕೆಂದರೆ ಆ ಕೊನೆಯ ಮಾತಿಗಾಗಿಯೇ ಕಾದೆ.

"ನನಗೂ ಮೋಸ ಮಾಡಿದಾ, ನಿನಗೂ ಮಾಡಿದಾ," ಎಂದಳು. "ಆದ್ರ ಆ ಪೆಟ್ಟಿಗಿ ಮಾತ ಸುಳ್ಳ ಹೇಳಿಲ್ಲ ನೋಡು."

ಅಷ್ಟು ಹೇಳಿ ಎರಡನೆಯ ಡಬ್ಬಿಯನ್ನೂ ನನ್ನ ಮುಂದೆ ಸರಿಸಿದಳು. "ಇದನ್ನೂ ನೀನ ತಿನ್ನು." ಅವನ ಡಬ್ಬಿಯಲ್ಲಿ ಶೇಂಗಾ ಉಂಡಿಯೇ ಹೆಚ್ಚಿದ್ದವು, ನಾನು ಸುಳ್ಳು ಜಗಳ ತೆಗೆದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಕ್ಕೇರಿಗೆ ಹೋದಾಗ ಅಕ್ಕನ ಕೊಟ್ಟಿಗೆಯಲ್ಲಿ ಬೇರೆ ಎಮ್ಮೆ ಇತ್ತು. ಓಣಿಯ ವರ್ತನೆ ಮತ್ತೆ ಶುರುವಾಗಿತ್ತು. ಸಂಕೇಶ್ವರದ ಕಡೆಯಿಂದ ತಂದದ್ದು ಎಂದು ಮಾಮಾ ಹೇಳಿದರು. ಅಕ್ಕ ತಾನೇ ಹೋಗಿ, ಸಂಜೆ ಮುಂಜಾನೆ ಎರಡೂ ಹೊತ್ತು ಕೂತು, ನಾಲ್ಕೂ ಮೊಲೆ ತಾನೇ ಹಿಂಡಿ ನೋಡಿ ತಂದಳಂತೆ. ಜೊತೆಗೆ ಯಾರಿದ್ದರು ಎಂದು ಕೇಳಿದೆ. ಓಣಿಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದಳಂತೆ. ನನಗೆ ಹೇಳಿರಲಿಲ್ಲ.